ಅರ್ನಿಸ್ ಕಲಿಯುವ ಮುನ್ನ: ಯಾವ ಪದ್ಧತಿ, ಯಾವ ಬೆತ್ತ, ಚಾಕುವಿನ ಮಾತೇನು?

ಫಿಲಿಪೀನ್ಸ್‌ನ ಕೋಲು ಮತ್ತು ಕತ್ತಿಯ ವಿದ್ಯೆಯನ್ನು ಕಲಿಯಬೇಕೆಂದಿರುವವರು ಮೊದಲು ಕೇಳುವುದು ಅರ್ನಿಸ್ ಒಳ್ಳೆಯದೋ, ಎಸ್ಕ್ರಿಮಾ ಒಳ್ಳೆಯದೋ, ಕಾಲಿ ಒಳ್ಳೆಯದೋ ಎಂದು. ಇದು ಮೈಸೂರಿನವರ ಪಲ್ಯ ಒಳ್ಳೆಯದೋ ಧಾರವಾಡದವರ ಪಲ್ಲೆ ಒಳ್ಳೆಯದೋ ಎಂದು ಕೇಳಿದಂತೆ. ಮೂರೂ ಹೆಚ್ಚುಕಡಿಮೆ ಒಂದೇ ವಿದ್ಯೆಯ ಹೆಸರುಗಳು. ಸೆಬು ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ ಎಸ್ಕ್ರಿಮಾ ಎನ್ನುತ್ತಾರೆ, ಉತ್ತರದ ಲುಜಾನ್ ಕಡೆ ಅರ್ನಿಸ್ ಎನ್ನುತ್ತಾರೆ. ಕಾಲಿ ಎಂಬ ಹೆಸರು ಅಮೆರಿಕದಲ್ಲಿಯೂ, ಕತ್ತಿಗೆ ಒತ್ತು ಕೊಡುವ ಕೆಲವು ಪದ್ಧತಿಗಳಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿದೆ. ಎಸ್ಕ್ರಿಮಾ ಎಂಬುದು ಕತ್ತಿವರಸೆ ಎಂಬರ್ಥದ ಸ್ಪ್ಯಾನಿಷ್ ಪದದಿಂದಲೂ, ಅರ್ನಿಸ್ ಎಂಬುದು ಕವಚ ಎಂಬರ್ಥದ ಪದದಿಂದಲೂ ಬಂದವು. ಕಾಲಿ ಎಂದೊಡನೆ ನಮ್ಮವರು ಕಾಳಿಯನ್ನೋ ಕಲಿಯನ್ನೋ ನೆನೆಯುತ್ತಾರೆ, ಆದರೆ ಆ ನಂಟಿಗೆ ಆಧಾರವಿಲ್ಲ. 2009ರ ಡಿಸೆಂಬರ್ 11ರಂದು ಅಂದಿನ ಅಧ್ಯಕ್ಷೆ ಗ್ಲೋರಿಯಾ ಮಕಪಗಾಲ್ ಅರೋಯೊ ಸಹಿ ಹಾಕಿದ 9850ನೆಯ ಗಣರಾಜ್ಯ ಕಾಯಿದೆಯು ಈ ವಿದ್ಯೆಯನ್ನು ಅರ್ನಿಸ್ ಎಂಬ ಹೆಸರಿನಲ್ಲಿ ಆ ದೇಶದ ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಘೋಷಿಸಿತು.

ಆದ್ದರಿಂದ ಹೆಸರನ್ನು ಬದಿಗಿಟ್ಟು ಬೇರೆ ಮೂರು ಸಂಗತಿಗಳನ್ನು ತೂಗಿ ನೋಡಬೇಕು: ಆ ತರಗತಿಯಲ್ಲಿ ಎಷ್ಟು ದೂರದಿಂದ ಹೊಡೆದಾಡುತ್ತಾರೆ, ಏಟು ಎಲ್ಲಿಗೆ ಬೀಳುತ್ತದೆ, ಅಭ್ಯಾಸದ ಆಯುಧ ಎಂಥದು. ಕೆಲಸದ ನಿಮಿತ್ತ ಸೆಬುವಿನಲ್ಲಿದ್ದ ಮೂರು ವರ್ಷ ಒಂದು ಪದ್ಧತಿಯನ್ನು ಕಲಿತು, ಇನ್ನೆರಡನ್ನು ಹೊರಗಿನಿಂದ ನೋಡಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ವೈದ್ಯಕೀಯ ಓದಲು ಆ ದೇಶಕ್ಕೆ ಹೋಗಿರುವ ನಮ್ಮ ಹುಡುಗ ಹುಡುಗಿಯರಿಗೂ, ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ತರಗತಿ ಹುಡುಕುತ್ತಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಪದ್ಧತಿಗಳಲ್ಲಿ ಯಾವುದು ಯಾರಿಗೆ

ಎಂದೂ ಕೋಲು ಹಿಡಿಯದವರಿಗೆ, ಅದರಲ್ಲಿಯೂ ನಲವತ್ತು ದಾಟಿದವರಿಗೆ ಮತ್ತು ಮಕ್ಕಳಿಗೆ, ನಾನು ಮೊದಲು ಹೇಳುವುದು ರೆಮಿ ಪ್ರೆಸಾಸ್ ರೂಪಿಸಿದ ಮಾಡರ್ನ್ ಅರ್ನಿಸ್. ನೆಗ್ರೋಸ್ ದ್ವೀಪದ ಹಿನಿಗರಾನ್‌ನಲ್ಲಿ 1936ರಲ್ಲಿ ಹುಟ್ಟಿದ ಪ್ರೆಸಾಸ್ ಕಂಡ ತೊಂದರೆ ಸರಳವಾದದ್ದು. ಹಳೆಯ ಕ್ರಮದಲ್ಲಿ ಎದುರಾಳಿಯ ಕೋಲಿಗಲ್ಲ, ಕೋಲು ಹಿಡಿದ ಕೈಗೇ ಹೊಡೆಯುತ್ತಿದ್ದರು. ಹಾವಿನ ಹಲ್ಲು ಕಿತ್ತರೆ ಹಾವು ಹಗ್ಗಕ್ಕೆ ಸಮ ಎಂಬುದು ಅಲ್ಲಿನ ತರ್ಕ. ಹೊಡೆದಾಟದಲ್ಲಿ ಅದು ಸರಿಯೇ, ಆದರೆ ಅಭ್ಯಾಸದಲ್ಲಿಯೂ ಹಾಗೆಯೇ ಮಾಡಿದರೆ ವಾರ ಕಳೆಯುವುದರೊಳಗೆ ಶಿಷ್ಯನ ಗೆಣ್ಣುಗಳು ಊದಿಕೊಂಡು ಅವನು ಬರುವುದನ್ನೇ ಬಿಡುತ್ತಾನೆ. ಪ್ರೆಸಾಸ್ ಅವರು ಕೋಲಿಗೆ ಕೋಲು ತಾಗಿಸುವ ಅಭ್ಯಾಸವನ್ನು ಮುಂದಿಟ್ಟರು, ಕಲೆಯ ಅಂಗಗಳನ್ನು ಶಾಲೆಯಲ್ಲಿಯೂ ಕಲಿಸಬಹುದಾದ ಪಾಠಕ್ರಮವಾಗಿ ಜೋಡಿಸಿದರು. ಇದರ ಬೆಲೆಯೂ ಇದೆ. ವರ್ಷಗಟ್ಟಲೆ ಕೋಲಿಗೇ ಹೊಡೆದ ಕೈ ಕೋಲನ್ನೇ ಹುಡುಕುತ್ತದೆ, ಕೈಯನ್ನು ಗುರಿ ಇಡುವುದನ್ನು ಮರೆಯುತ್ತದೆ. ಒಳ್ಳೆಯ ಗುರುಗಳು ಆಮೇಲೆ ಇದನ್ನು ತಿದ್ದುತ್ತಾರೆ, ಎಲ್ಲರೂ ತಿದ್ದುವುದಿಲ್ಲ.

ಸೆಬುವಿನ ಎರಡು ದೊಡ್ಡ ಮನೆತನಗಳ ನಡುವಿನ ಆಯ್ಕೆ ಬೇರೆ ಬಗೆಯದು. ದೋಸೆ ಪಾರೆಸ್ ಎಂಬ ಸಂಘ 1932ರ ಜನವರಿಯಲ್ಲಿ ಸಾವೇದ್ರಾ ಮತ್ತು ಕಾನ್ಯೆತೆ ಕುಟುಂಬದವರನ್ನು ಮುಂದಿಟ್ಟುಕೊಂಡು ಹುಟ್ಟಿತು. ಇಲ್ಲಿನ ದೋಸೆ ನಮ್ಮ ತವದ ಮೇಲಿನದಲ್ಲ, ಸ್ಪ್ಯಾನಿಷ್‌ನಲ್ಲಿ ಹನ್ನೆರಡು. ಈ ಪದ್ಧತಿಯಲ್ಲಿ ದೂರದ ಹೊಡೆತ, ನಡುದೂರದ ಹೊಡೆತ, ಹತ್ತಿರದ ಹಿಡಿತ ಎಲ್ಲವೂ ಇವೆ, ಒಂಟಿಕೋಲು, ಜೋಡಿಕೋಲು, ಕತ್ತಿಯೊಡನೆ ಬಾಕು ಹಿಡಿಯುವ ವರಸೆಯೂ ಇವೆ. ಅಲ್ಲಿಂದ ಹೊರಬಂದ ವೆನಾನ್ಸಿಯೊ ‘ಆನ್ಸಿಯೊಂಗ್’ ಬಾಕೋನ್ 1952ರಲ್ಲಿ ಸೆಬು ನಗರದ ಬಾಲಿಂತಾವಾಕ್ ಬೀದಿಯ ಒಂದು ಗಡಿಯಾರದ ಅಂಗಡಿಯ ಹಿಂದೆ ತಮ್ಮದೇ ಗುಂಪು ಕಟ್ಟಿದರು. ಬೀದಿಯ ಹೆಸರೇ ಪದ್ಧತಿಗೆ ಬಂತು. ಬಾಕೋನ್ ಅವರು ಜೋಡಿಕೋಲನ್ನು ಬಿಟ್ಟು ಒಂದೇ ಕೋಲು, ಒಂದೇ ಖಾಲಿ ಕೈ, ತೋಳಳತೆಯ ಅಂತರ ಇಷ್ಟಕ್ಕೇ ನಿಂತರು.

ನಾನು ಕಲಿತದ್ದು ಬಾಲಿಂತಾವಾಕ್ ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಹೆಚ್ಚು ಬರಬಹುದು. ಟೈರ್ ಅಂಗಡಿಯೊಂದರ ಹಿತ್ತಲು, ಮೇಲೆ ತಗಡಿನ ಸೂರು, ಎದುರಿಗೆ ರಬ್ಬರ್ ಚಪ್ಪಲಿ ಹಾಕಿದ ಅರವತ್ತರ ಗುರುಗಳು. ಅಲ್ಲಿ ಸಾಲಾಗಿ ನಿಂತು ಗಾಳಿಗೆ ಹೊಡೆಯುವುದು ಕಡಿಮೆ. ಗುರು ಹೊಡೆಯುತ್ತಾರೆ, ಶಿಷ್ಯ ತಡೆದು ತಿರುಗಿ ಹೊಡೆಯುತ್ತಾನೆ, ಗುರು ಅದನ್ನು ತಡೆದು ಇನ್ನೊಂದು ಕಡೆಯಿಂದ ಹೊಡೆಯುತ್ತಾರೆ. ಯಾವ ಕಡೆಯಿಂದ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಇದನ್ನು ಅಗಾಕ್ ಎನ್ನುತ್ತಾರೆ, ಅಂದರೆ ಕೈಹಿಡಿದು ನಡೆಸುವುದು. ನನ್ನ ಎಡಗೈ ಎದೆಯಿಂದ ಕೆಳಗಿಳಿದಾಗಲೆಲ್ಲ ಗುರುಗಳು ಕೋಲಿನ ತುದಿಯಿಂದ ಅದರ ಮಣಿಕಟ್ಟನ್ನು ಮುಟ್ಟಿ ‘ಕಾಮೊತ್’ ಎನ್ನುತ್ತಿದ್ದರು, ಸೆಬುವಾನೊ ಭಾಷೆಯಲ್ಲಿ ಕೈ ಎಂದರ್ಥ. ಮೊದಲ ತಿಂಗಳಲ್ಲಿ ಆ ಪದವನ್ನು ದಿನಕ್ಕೆ ನೂರು ಸಲವಾದರೂ ಕೇಳಿರಬೇಕು. ಏಟಿನ ವೇಗವನ್ನು ಶಿಷ್ಯನ ಕೈ ತಾಳುವಷ್ಟಕ್ಕೆ ಏರಿಸುತ್ತ ಹೋಗುವುದು ಗುರುವಿನ ಹದ, ಆ ಹದ ಗೊತ್ತಿರುವ ಗುರು ಸಿಕ್ಕರೆ ಇದಕ್ಕಿಂತ ಬೇಗ ಕಣ್ಣು ಮತ್ತು ಕೈ ಪಳಗುವ ಪದ್ಧತಿ ಬೇರೆ ಇಲ್ಲವೆಂಬುದು ನನ್ನ ಅನಿಸಿಕೆ. ಸಿಗದಿದ್ದರೆ, ಒಬ್ಬ ಗುರುವಿಗೆ ಇಪ್ಪತ್ತು ಶಿಷ್ಯರಿರುವ ಊರಿನಲ್ಲಿ, ಇದನ್ನು ಆರಿಸಿಕೊಳ್ಳಬೇಡಿ; ಉಳಿದ ಹತ್ತೊಂಬತ್ತು ಮಂದಿ ಸುಮ್ಮನೆ ನಿಂತು ನೋಡುತ್ತಿರುತ್ತಾರೆ.

ಕತ್ತಿಯನ್ನೇ ಮುಂದಿಟ್ಟುಕೊಂಡ ಪದ್ಧತಿಗಳಲ್ಲಿ ಹೆಸರಾದವು ಎರಡು. ನೆಗ್ರೋಸ್‌ನ ತೋರ್ತಾಲ್ ಕುಟುಂಬದಿಂದ ಬಂದು ಲಿಯೊ ಗಾಹೆ ಅವರ ಮೂಲಕ ಹರಡಿದ ಪೆಕಿತಿ-ತಿರ್ಸಿಯಾ ಕಾಲಿಯನ್ನು ಫಿಲಿಪೀನ್ಸ್‌ನ ನೌಕಾಪಡೆಯ ಮರೀನ್ ಯೋಧರಿಗೂ ಕಲಿಸಲಾಗಿದೆ. 1904ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಆಂತೋನಿಯೊ ಇಲುಸ್ತ್ರಿಸಿಮೊ ಅವರ ಕಾಲಿಸ್ ಇಲುಸ್ತ್ರಿಸಿಮೊ ಮನಿಲಾದಲ್ಲಿ ಬೆಳೆಯಿತು. ಇಲ್ಲಿ ಕೋಲು ಕೋಲಲ್ಲ, ಕತ್ತಿಯ ಬದಲಿಗೆ ಹಿಡಿದದ್ದು. ಬಾಲಿಂತಾವಾಕ್‌ನಲ್ಲಿ ಎದುರಾಳಿಯ ಕೋಲನ್ನು ಕೈಯಿಂದ ಹಿಡಿಯುವುದು ದಿನನಿತ್ಯದ ಕೆಲಸವಾದರೆ ಇಲ್ಲಿ ಹಾಗೆ ಹಿಡಿದವನ ಬೆರಳು ಹೋಯಿತೆಂದೇ ಲೆಕ್ಕ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ಕಲಿಯಹೊರಟವರು ಎರಡರಲ್ಲಿಯೂ ತಡವರಿಸುತ್ತಾರೆ. ಮೊದಲ ವರ್ಷಕ್ಕೆ ಇವು ಬೇಡವೆಂದು ಹೇಳಲಾರೆ, ಆದರೆ ಗುರುವಿನ ಆಯ್ಕೆಯಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿ ತೆರೆದಿದೆ. ಹೊಲಗಳಲ್ಲಿ ದುಡಿಯಲು ಹೋದ ಫಿಲಿಪಿನೊ ಕೂಲಿಗಾರರು ನೆಲೆಸಿದ ಸ್ಟಾಕ್ಟನ್ ಊರಿನಲ್ಲಿ ಏಂಜೆಲ್ ಕಬಾಲೆಸ್ 1966ರಲ್ಲಿ ಎಲ್ಲರಿಗೂ ತೆರೆದ ಶಾಲೆ ಆರಂಭಿಸಿ, ಮೊಳಕ್ಕಿಂತ ತುಸು ಉದ್ದದ ಗಿಡ್ಡಕೋಲಿನ ಸೆರಾದಾ ಎಸ್ಕ್ರಿಮಾವನ್ನು ಕಲಿಸಿದರು. ಅದೇ ಊರಿನಲ್ಲಿ ಹುಟ್ಟಿದ ಡ್ಯಾನ್ ಇನೊಸಾಂತೊ ಅವರ ಶಿಷ್ಯಪರಂಪರೆ ಈಗ ಹಲವು ದೇಶಗಳಲ್ಲಿದೆ. ಅಲ್ಲಿ ಅನೇಕ ಪದ್ಧತಿಗಳ ಅಂಶಗಳು ಬೆರೆತಿರುತ್ತವೆ.

ಕ್ರೀಡೆಯಾಗಿ ಆಡಬೇಕೆನ್ನುವವರಿಗೆ ಎರಡು ನಿಯಮಾವಳಿಗಳ ನಡುವೆ ಆಯ್ಕೆ ಬರುತ್ತದೆ. ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ 2005ರಲ್ಲಿ ನಡೆದಂಥ ಅರ್ನಿಸ್ ಸ್ಪರ್ಧೆಯಲ್ಲಿ ಮೆತ್ತೆ ಸುತ್ತಿದ ಕೋಲು ಹಿಡಿಯುತ್ತಾರೆ. ವೇಕಾಫ್ ಎಂದು ಕರೆಯುವ, 1989ರಲ್ಲಿ ಸೆಬುವಿನಲ್ಲಿ ಮೊದಲ ವಿಶ್ವ ಕೂಟ ನಡೆಸಿದ ಒಕ್ಕೂಟದ ನಿಯಮದಲ್ಲಿ ಕೋಲು ಅಪ್ಪಟ ಬೆತ್ತದ್ದೇ, ಆದರೆ ಮೈಗೆ ತೊಡೆಯವರೆಗೆ ಇಳಿಯುವ ದಪ್ಪ ಕವಚ, ತಲೆಗೆ ಸರಳುಗಳ ಶಿರಸ್ತ್ರಾಣ. ನೋಡುವವರಿಗೆ ಎರಡನೆಯದೇ ಗಟ್ಟಿಯಾಟ ಎನ್ನಿಸುತ್ತದೆ. ಆದರೆ ಅಷ್ಟು ದಪ್ಪ ಕವಚದೊಳಗೆ ಏಟಿನ ನೋವು ತಿಳಿಯದ ಕಾರಣ ಇಬ್ಬರೂ ತಡೆಯುವುದನ್ನೇ ಬಿಟ್ಟು ಒಬ್ಬರ ಮೇಲೊಬ್ಬರು ಕೋಲಿನ ಮಳೆಗರೆಯುತ್ತ ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕಾವಲು ಕಲಿಯಬೇಕೆಂದವರಿಗೆ ಮೆತ್ತನೆಯ ಕೋಲು, ತೆಳು ರಕ್ಷಣೆ, ಅರ್ಧ ವೇಗ ಎಂಬ ಜೋಡಣೆಯೇ ಮೇಲು. ಬರಿಯ ಮುಖವಾಡ ಮತ್ತು ತೆಳು ಗ್ಲೌಸ್ ಹಾಕಿಕೊಂಡು ಪೂರ್ಣ ಬಲದಿಂದ ಹೊಡೆದಾಡುವ ಗುಂಪುಗಳೂ ಇವೆ. ಐದಾರು ವರ್ಷ ಪಳಗಿದ ಮೇಲೆ ಅವುಗಳ ಯೋಚನೆ ಮಾಡಿದರೆ ಸಾಕು.

ಕೋಲು, ಕಣ್ಣು, ಬೆರಳು

ಅಭ್ಯಾಸದ ಕೋಲಿನಲ್ಲಿ ಬೆತ್ತಕ್ಕೆ ಸಾಟಿಯಿಲ್ಲ. ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಈ ಬಳ್ಳಿಯ ಗುಣವೆಂದರೆ, ಬಿದಿರು ಮತ್ತು ಗಟ್ಟಿಮರಗಳಂತೆ ಅದು ಚೂಪಾಗಿ ಸೀಳಿ ಮುರಿಯುವುದಿಲ್ಲ, ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 28 ಇಂಚು ಉದ್ದ, ಸುಮಾರು ಒಂದು ಇಂಚು ದಪ್ಪದ್ದನ್ನು ಬಳಸುತ್ತಾರೆ. ಕಾಮಗೊಂಗ್ ಎಂಬ ಕಪ್ಪು ಮರದ ಕೋಲು ನೋಡಲು ಚೆಂದ, ಹಿಡಿದರೆ ಭಾರ. ಒಬ್ಬರೇ ಗಾಳಿಗೆ ಬೀಸಿ ತೋಳು ಬಲಪಡಿಸಿಕೊಳ್ಳಲು ಅದಾದೀತು, ಜೊತೆಗಾರನ ಮುಂದೆ ಮಾತ್ರ ಹಿಡಿಯಬಾರದು, ಅದು ಮೂಳೆ ಮುರಿಯುವ ಕೋಲು. ಮೆತ್ತೆಯ ಕೋಲಿನಲ್ಲಿ ಭಯ ಕಡಿಮೆ, ಆದರೆ ಕೋಲಿಗೆ ಕೋಲು ತಾಗಿದಾಗಿನ ಪುಟಿತ ಅದರಲ್ಲಿ ಬೇರೆಯೇ ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡರೆ ಕೈ ತಪ್ಪು ಲೆಕ್ಕ ಕಲಿಯುತ್ತದೆ. ಬೆತ್ತ ಮತ್ತು ಮೆತ್ತೆ ಎರಡನ್ನೂ ಇಟ್ಟುಕೊಂಡು, ಜೋಡಿ ಅಭ್ಯಾಸಕ್ಕೆ ಮೊದಲನೆಯದು, ಬಿಡುಹೊಡೆದಾಟಕ್ಕೆ ಎರಡನೆಯದು ಎಂದು ಹಂಚಿಕೊಳ್ಳುವುದು ನನ್ನ ಕ್ರಮ.

ಬೆತ್ತದ ಆ ಒಳ್ಳೆಯ ಗುಣದಲ್ಲಿಯೇ ಒಂದು ಅಪಾಯ ಅಡಗಿದೆ. ಹಳೆಯದಾದ ಬೆತ್ತದ ತುದಿ ಪೊರಕೆಯಂತೆ ಬಿರಿದುಕೊಳ್ಳುತ್ತದೆ, ಪ್ರತಿ ಏಟಿಗೂ ಸಣ್ಣ ಸಿಬಿರು ಹಾರುತ್ತದೆ. ಎರಡನೆಯ ವರ್ಷದ ಒಂದು ಸಂಜೆ, ಬೆವರಿಗೆ ಮಸುಕಾಗುತ್ತದೆಂದು ಕನ್ನಡಕವನ್ನು ತೆಗೆದು ಕಿಟಕಿಯ ಮೇಲಿಟ್ಟು, ನಮ್ಮ ಪದ್ಧತಿಯದಲ್ಲದಿದ್ದರೂ, ಜೋಡಿಕೋಲಿನ ಸಿನವಾಲಿ ಆಡುತ್ತಿದ್ದೆ. ಕೋಲುಗಳು ಟಕಟಕನೆ ನೇಯ್ಗೆಯಂತೆ ಹೆಣೆದುಕೊಂಡು ಹೋಗುತ್ತಿದ್ದವು, ಕೈ ತಾನಾಗಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಎಡಹುಬ್ಬಿನ ಕೆಳಗೆ ಇರುವೆ ಕಚ್ಚಿದಂತಾಯಿತು. ಬೆರಳಿಟ್ಟು ನೋಡಿದರೆ ಅಕ್ಕಿಕಾಳಿನ ಉದ್ದದ ಸಿಬಿರು ರೆಪ್ಪೆಯ ಚರ್ಮದಲ್ಲಿ ನಿಂತಿತ್ತು. ಕೋಲಿನ ತುದಿಗೆ ಟೇಪ್ ಸುತ್ತಬೇಕೆಂದು ಗುರುಗಳು ಹಿಂದಿನ ವಾರವೇ ಹೇಳಿದ್ದರು, ನಾನು ಸುತ್ತಿರಲಿಲ್ಲ. ಕಾಲಂಗುಲ ಕೆಳಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ಈಗಲೂ ಇಷ್ಟವಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಪಾಲಿಕಾರ್ಬೊನೇಟ್ ಗಾಜಿನ, ಬದಿಯನ್ನೂ ಮುಚ್ಚುವ ರಕ್ಷಣಾ ಕನ್ನಡಕ. ಇದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಹಣ ಅಲ್ಪ. ನಿಧಾನದ ಅಭ್ಯಾಸದಲ್ಲಿಯೂ ಇದನ್ನು ತೆಗೆಯಬಾರದು, ಏಕೆಂದರೆ ಕೈತಪ್ಪಿ ಹಾರುವ ಕೋಲಿಗೆ ನಿಧಾನ ವೇಗದ ಅಭ್ಯಾಸವೆಂದು ತಿಳಿಯುವುದಿಲ್ಲ. ಬಿಡುಹೊಡೆದಾಟಕ್ಕೆ ಬಂದಾಗ ಶಿರಸ್ತ್ರಾಣ ಬೇಕು. ಫೆನ್ಸಿಂಗ್ ಮುಖವಾಡವೇ ಸಾಕೆನ್ನುವವರಿದ್ದಾರೆ. ಅದು ತೆಳ್ಳಗಿನ ಅಲಗಿನ ಇರಿತವನ್ನು ತಡೆಯಲೆಂದು ಮಾಡಿದ್ದು, ಕೋಲಿನ ಪೆಟ್ಟಿನ ಅದುರು ಅದರೊಳಗಿಂದ ತಲೆಗೆ ಹಾಗೆಯೇ ಇಳಿಯುತ್ತದೆ, ತಲೆಯ ಹಿಂಭಾಗವಂತೂ ತೆರೆದೇ ಇರುತ್ತದೆ. ಮೆತ್ತನೆಯ ಕೋಲಿಗೆ ಅದು ಸರಿ, ಬೆತ್ತಕ್ಕೆ ಸಾಲದು. ಕೈಗೆ ಹಾಕಿ ಆಟದ ಗ್ಲೌಸ್ ಒಳ್ಳೆಯದು, ಕ್ರಿಕೆಟ್ ಬ್ಯಾಟಿಂಗ್ ಗ್ಲೌಸ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಹೆಬ್ಬೆರಳಿನ ತುದಿ ಮತ್ತು ಮಣಿಕಟ್ಟು ಮಾತ್ರ ಬಯಲಾಗುತ್ತವೆಂಬುದು ನೆನಪಿರಲಿ. ಕಣ್ಣಿಗೆ ಕಾಣದ ಇನ್ನೊಂದು ಪೆಟ್ಟು ಮೊಣಕೈಯದು. ಕೋಲನ್ನು ಬಿಗಿಯಾಗಿ ಹಿಡಿದು ಟೈರಿಗೆ ಸಾವಿರ ಏಟು ಹೊಡೆದ ಹುಮ್ಮಸ್ಸಿನವರಲ್ಲಿ ಎಷ್ಟೋ ಮಂದಿ ಆಮೇಲೆ ನೀರಿನ ಚೊಂಬು ಎತ್ತಲಾರದೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತಿದ್ದಾರೆ.

ಚಾಕುವಿನ ಅಭ್ಯಾಸ

ಈ ವಿದ್ಯೆಗೆ ಬರುವ ಹೆಚ್ಚಿನವರನ್ನು ಎಳೆಯುವುದು ಚಾಕು, ಹೆಚ್ಚಿನ ಸುಳ್ಳು ಹೇಳುವುದೂ ಚಾಕುವಿನ ಬಗ್ಗೆಯೇ. ಅಭ್ಯಾಸದ ಚಾಕುಗಳಲ್ಲಿ ರಬ್ಬರಿನದು ನಿರುಪದ್ರವಿ, ಆದರೆ ಬಳುಕುವುದರಿಂದ ಇರಿತ ತಾಗಿದ್ದೇ ತಿಳಿಯದು. ಮರದ್ದು ಮತ್ತು ಗಟ್ಟಿ ಪ್ಲಾಸ್ಟಿಕ್‌ನದು ದಿನನಿತ್ಯಕ್ಕೆ ಸರಿ. ಅಲ್ಯೂಮಿನಿಯಂನದಕ್ಕೆ ನಿಜವಾದ ಚಾಕುವಿನ ತೂಕವಿರುತ್ತದೆ. ಅಲಗು ಮೊಂಡಾಗಿದ್ದರೂ ತುದಿ ಪಕ್ಕೆಲುಬಿಗೂ ಗಂಟಲಿಗೂ ಪೆಟ್ಟು ಮಾಡಬಲ್ಲದು, ಅಂಚಿನಲ್ಲಿ ಕಚ್ಚು ಬಿದ್ದರೆ ಗರಗಸದಂತೆ ಚರ್ಮ ಕೀಳುತ್ತದೆ, ಆಗಾಗ ಅರದಿಂದ ಉಜ್ಜಬೇಕು. ಹರಿತವಾದ ಅಲಗನ್ನು ಜೋಡಿ ಅಭ್ಯಾಸಕ್ಕೆ ತರುವ ತರಗತಿಯಿಂದ, ಗುರು ಎಷ್ಟೇ ದೊಡ್ಡವರಾಗಿರಲಿ, ಹೊಸಬರು ಎದ್ದು ಬರಬೇಕು. ಬತಾಂಗಾಸ್ ಪ್ರಾಂತ್ಯದ ತಾಆಲ್ ಊರಿನಲ್ಲಿ ತಯಾರಾಗುವ, ಎರಡು ಹಿಡಿಗಳ ನಡುವೆ ಅಲಗು ಮಡಚಿಕೊಳ್ಳುವ ಬಾಲಿಸೋಂಗ್ ಚಾಕುವನ್ನು ಬೆರಳಲ್ಲಿ ತಿರುಗಿಸುವ ಆಟ ಹುಡುಗರಿಗೆ ಬಲು ಇಷ್ಟ. ಅದಕ್ಕೂ ಮೊಂಡು ಅಲಗಿನ ಅಭ್ಯಾಸದ ಮಾದರಿ ಸಿಗುತ್ತದೆ, ಅದನ್ನೇ ಕೊಳ್ಳಿ.

ತರಗತಿಯ ಪ್ರಾಮಾಣಿಕತೆಯನ್ನು ಅಳೆಯಲು ಒಂದು ಬಿಳಿ ಬನಿಯನ್ನು, ಒಂದು ಲಿಪ್‌ಸ್ಟಿಕ್ ಸಾಕು. ಮರದ ಚಾಕುವಿನ ಅಂಚಿಗೆ ಕೆಂಪು ಬಳಿದು ಜೊತೆಗಾರನ ಕೈಗೆ ಕೊಟ್ಟು, ಹೇಳಿಕೊಟ್ಟ ಹಾಗಲ್ಲದೆ ಮನಸ್ಸಿಗೆ ಬಂದ ಹಾಗೆ ಇರಿಯಲು ಹೇಳಬೇಕು. ನಾನು ಮೊದಲ ಸಲ ಹೀಗೆ ನಿಂತಾಗ ಎರಡು ನಿಮಿಷದ ಕೊನೆಗೆ ಚಾಕು ನನ್ನ ಕೈಯಲ್ಲಿತ್ತು, ಕಸಿದುಕೊಂಡೆನೆಂದು ಬೀಗಿದೆ. ಆಮೇಲೆ ಗುರುಗಳು ಕನ್ನಡಿಯ ಮುಂದೆ ನಿಲ್ಲಿಸಿ ಗೀರುಗಳನ್ನು ಎಣಿಸಿದರು: ಮುಂಗೈಗಳಲ್ಲಿ ಹನ್ನೊಂದು, ಹೊಟ್ಟೆಯ ಮೇಲೆ ಮೂರು, ಕುತ್ತಿಗೆಯ ಬದಿಯಲ್ಲಿ ಎರಡು. ಈ ಎಣಿಕೆಯನ್ನು ಶಿಷ್ಯರ ಮುಂದೆ ಮಾಡಲು ಒಪ್ಪುವ ಗುರುವನ್ನು ಆರಿಸಿಕೊಳ್ಳಿ. ಚಾಕುವಿನವನನ್ನು ಮೂರು ಪಟ್ಟಿನಲ್ಲಿ ಬರಿಗೈಯಿಂದ ನಿಶ್ಶಸ್ತ್ರಗೊಳಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸುವವರನ್ನು ಬಿಟ್ಟುಬಿಡಿ. ರಕ್ತಸ್ರಾವ ನಿಲ್ಲಿಸುವ ಪ್ರಥಮ ಚಿಕಿತ್ಸೆಯನ್ನೂ ಜೊತೆಗೆ ಕಲಿಸುವ ತರಗತಿಯಾದರೆ ಇನ್ನೂ ಒಳ್ಳೆಯದು.

ಜೇಬಿನಲ್ಲಿ ಚಾಕು ಇರಬೇಕೆ

ಬೇಡ ಎಂಬುದು ನನ್ನ ಉತ್ತರ. ಚಾಕು ಹಿಡಿದು ಕಲಿತ ಮಾತ್ರಕ್ಕೆ ಚಾಕು ಒಯ್ಯಬೇಕೆಂದಿಲ್ಲ. ಈ ಕಲೆಯ ತವರಿನಲ್ಲಿಯೇ ಕಾನೂನು ಇದಕ್ಕೆ ಒಲವು ತೋರುವುದಿಲ್ಲ. 1978ರ ಬಾತಾಸ್ ಪಂಬಾನ್ಸಾ 6ನೆಯ ಕಾಯಿದೆಯ ಪ್ರಕಾರ ಮನೆಯ ಹೊರಗೆ ಅಲಗಿನ, ಮೊನಚಿನ ಅಥವಾ ಮೊಂಡಾದ ಆಯುಧ ಒಯ್ಯುವುದು ಅಪರಾಧ. ಜೀವನೋಪಾಯದ ಅಥವಾ ಕಾನೂನುಬದ್ಧ ಕೆಲಸದ ಸಾಧನವಾಗಿದ್ದರೆ ಮಾತ್ರ ವಿನಾಯಿತಿ. ತೆಂಗಿನ ತೋಟಕ್ಕೆ ಹೊರಟ ರೈತನ ಸೊಂಟದ ಬೋಲೊ, ಅಂದರೆ ಅವರ ಮಚ್ಚು, ಆ ವಿನಾಯಿತಿಯೊಳಗೆ ಬರುತ್ತದೆ; ಮಾಲ್‌ಗೆ ಹೋದ ವಿದ್ಯಾರ್ಥಿಯ ಜೇಬಿನ ಬಾಲಿಸೋಂಗ್ ಬರುವುದಿಲ್ಲ. ಶಿಕ್ಷೆ ಒಂದು ತಿಂಗಳಿಂದ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಇದು ತಿಳಿದಿರಬೇಕು, ವೀಸಾದ ಮೇಲಿರುವವರ ಹೆಸರು ಪೊಲೀಸ್ ಕಡತಕ್ಕೆ ಸೇರಿದರೆ ಓದಿಗೇ ಸಂಚಕಾರ.

ಭಾರತದಲ್ಲಿ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವನ್ನು ಬಿಟ್ಟು, ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಇದನ್ನು ಓದಿದವರಲ್ಲಿ ಹಲವರು ಎಂಟು ಇಂಚಿನ ಬಾಕು ಒಯ್ಯಬಹುದೆಂದು ತೀರ್ಮಾನಿಸಿಬಿಡುತ್ತಾರೆ. ಅದು ಅರ್ಧ ಓದು. ಕರ್ನಾಟಕ ಪೊಲೀಸ್ ಕಾಯಿದೆಯಡಿ ಮತ್ತು ನಿಷೇಧಾಜ್ಞೆಗಳ ಮೂಲಕ ಚುನಾವಣೆ, ಉತ್ಸವ, ಗಲಭೆಯ ದಿನಗಳಲ್ಲಿ ಚಾಕುವಿನಿಂದ ದೊಣ್ಣೆಯವರೆಗೆ ಎಲ್ಲವನ್ನೂ ಒಯ್ಯದಂತೆ ಆದೇಶ ಹೊರಡಿಸಬಹುದು. ಜಗಳವೊಂದರಲ್ಲಿ ಚಾಕು ಹೊರಬಂದರೆ ಇರಿಯುವ, ಕತ್ತರಿಸುವ ಸಾಧನದಿಂದ ಗಾಯಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಿನಲ್ಲಿ ಬೇರೆಯೇ ಶಿಕ್ಷೆಯಿದೆ. ಆತ್ಮರಕ್ಷಣೆಯ ಹಕ್ಕು ಇದ್ದರೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಅದು ಅವಕಾಶ ಕೊಡುವುದಿಲ್ಲ. ವರ್ಷಗಟ್ಟಲೆ ಚಾಕುವಿನ ತರಬೇತಿ ಪಡೆದವನು ನಾನು ಅರಿಯದೆ ಮಾಡಿದೆ ಎಂದರೆ ನ್ಯಾಯಾಲಯ ಎಷ್ಟು ನಂಬೀತು ಎಂಬುದನ್ನೂ ಯೋಚಿಸಿ.

ಬ್ರಿಟನ್ನಿನಲ್ಲಿರುವವರಿಗೆ ನಿಯಮ ಇನ್ನೂ ಬಿಗಿ. 3 ಇಂಚು ಮೀರದ, ಬೀಗ ಬೀಳದೆ ಮಡಚಿಕೊಳ್ಳುವ ಜೇಬುಚಾಕು ಬಿಟ್ಟರೆ ಬೇರೇನನ್ನೂ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಂತಿಲ್ಲ, ಆತ್ಮರಕ್ಷಣೆ ಸಕಾರಣವೆನಿಸುವುದಿಲ್ಲ, ಗರಿಷ್ಠ ಶಿಕ್ಷೆ 4 ವರ್ಷ. ಹರಿತವಾದ ಬಾಲಿಸೋಂಗ್ ಅನ್ನು 2021ರ ಜುಲೈಯಿಂದ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಿದೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ನಗರದಿಂದ ನಗರಕ್ಕೆ ನಿಯಮ ಬದಲಾಗುವುದರಿಂದ ಊರು ಬದಲಿಸಿದಾಗಲೆಲ್ಲ ಹೊಸದಾಗಿ ಓದಿಕೊಳ್ಳಬೇಕು.

ಇನ್ನು ಉಳಿದದ್ದು ಅಭ್ಯಾಸದ ಸಾಮಾನನ್ನು ತರಗತಿಗೆ ಒಯ್ಯುವ ಮಾತು. ಮೆಟ್ರೊ, ಮಾಲ್‌ಗಳ ಸ್ಕ್ಯಾನರ್ ಪರದೆಯಲ್ಲಿ ಅಲ್ಯೂಮಿನಿಯಂ ಚಾಕು ನಿಜವಾದ ಚಾಕುವಿನಂತೆಯೇ ಕಾಣುತ್ತದೆ, ಅದು ಮೊಂಡು ಎಂಬುದನ್ನು ಅಲ್ಲಿನ ಕಾವಲಿನವರಿಗೆ ಸಾಬೀತು ಮಾಡುತ್ತ ನಿಲ್ಲುವ ಹೊತ್ತಿಗೆ ತರಗತಿ ಅರ್ಧ ಮುಗಿದಿರುತ್ತದೆ. ಬಣ್ಣದ ಪ್ಲಾಸ್ಟಿಕ್‌ನದನ್ನು ಜೊತೆಯಲ್ಲಿ ಒಯ್ದು, ಲೋಹದ್ದನ್ನು ಸಾಧ್ಯವಾದರೆ ತರಗತಿಯಲ್ಲಿಯೇ ಬೀಗ ಹಾಕಿ ಇರಿಸುವುದು ಒಳ್ಳೆಯದು. ಬೆತ್ತಗಳನ್ನು ತೆರೆದು ಕೈಯಲ್ಲಿ ಹಿಡಿಯದೆ ಉದ್ದನೆಯ ಚೀಲದಲ್ಲಿ ಕಟ್ಟಿಡಿ. ವಿಮಾನದಲ್ಲಿ ಕೋಲೂ ಅಭ್ಯಾಸದ ಚಾಕುವೂ ಕ್ಯಾಬಿನ್ನಿನೊಳಗೆ ಬರುವಂತಿಲ್ಲ, ತಪಾಸಣೆಗೆ ಕೊಡುವ ಲಗೇಜಿನಲ್ಲಿಯೇ ಹೋಗಬೇಕು. 28 ಇಂಚಿನ ಬೆತ್ತ ಸಾಧಾರಣ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಹಿಡಿಸುತ್ತದೆ.